ಹಳೇ ಡಬ್ಬಿಗೆ ಹೊಂದುವ ಕಾರ್ಡು

ಬೆಳಗ್ಗೆ ಪರದೆ ಕೆಟ್ಟಿತು. ಅದರ ಬೆನ್ನಿಗೇ ಸಲಹೆಗಳು ಬಂದವು. ಮಧ್ಯಾಹ್ನದ ಮೇಲೆ ಕಾರ್ಡು ಬಂದಿತು. ಸಂಜೆ ಐದಕ್ಕೆ ಸಮಿತಿಯವರು ಬರುವವರಿದ್ದರು. ಆ ದಿನದ ಘಟನೆಗಳ ಕ್ರಮ ಇಷ್ಟು.

ಕಟ್ಟಡಗಳ ನಕ್ಷೆ ತಯಾರಿಸುವ ಆ ಕಚೇರಿಯಲ್ಲಿ ಅವನನ್ನು ಎಲ್ಲರೂ ‘ಮಿಲಿಮೀಟರ್’ ಎಂದೇ ಕರೆಯುತ್ತಿದ್ದರು. ವರ್ಷಗಟ್ಟಲೆ ಇತರರ ನಕ್ಷೆಗಳ ತಪ್ಪು ತಿದ್ದಿದ್ದ ಅವನು ಮೊದಲ ಬಾರಿಗೆ ತನ್ನದೇ ಆದ ಒಂದು ಪುಟ್ಟ ಗ್ರಂಥಾಲಯವನ್ನು ರೂಪಿಸಿದ್ದ. ಗ್ರಂಥಾಲಯ ಸಮಿತಿ ಒಪ್ಪಿದರೆ ನಕ್ಷೆಯ ಕೆಳಗೆ ಅವನ ಹೆಸರು ಅಚ್ಚಾಗುತ್ತಿತ್ತು. ಪಕ್ಕದ ಮೇಜಿನವನೂ ಅದೇ ಗ್ರಂಥಾಲಯಕ್ಕೆ ಒಂದು ನಕ್ಷೆ ಮಾಡಿದ್ದ. ಏನು ಹೇಳಿದರೂ ‘ಸರಿ ಬಿಡಿ’ ಎನ್ನುತ್ತಿದ್ದುದರಿಂದ ಅವನ ಹೆಸರೇ ‘ಸರಿಬಿಡಿ’ ಆಗಿತ್ತು. ಆ ಬೆಳಗ್ಗೆ ಅವನು ರಜೆ ಹಾಕಿದ್ದ. ಸಮಿತಿಯ ಹೊತ್ತಿಗೆ ಬರುವವನಿದ್ದ.

ಮಿಲಿಮೀಟರ್ ಕಂಪ್ಯೂಟರಿನಲ್ಲಿ ನಕ್ಷೆ ತೆರೆದೊಡನೆ ಪರದೆಯ ತುಂಬ ಹಸಿರು, ನೇರಳೆ ಪಟ್ಟೆಗಳು ಮೂಡಿದವು. ಗ್ರಂಥಾಲಯ ಪೈಜಾಮ ತೊಟ್ಟು ನಿಂತಂತಿತ್ತು.

“ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡ್ ಹೋಯ್ತು,” ಎಂದರು ಅಕೌಂಟೆಂಟ್ ಮೇಡಂ, ನಾಡಿ ಹಿಡಿಯದೆ ರೋಗ ಹೇಳುವ ವೈದ್ಯರಂತೆ. “ನನ್ನ ತಮ್ಮನದ್ದೂ ಹೀಗೇ ಆಗಿತ್ತು. ಮೂರು ಫ್ಯಾನ್ ಇರೋದು ಹಾಕಿಸ್ದ. ಈಗ ಮನೆಯವರೆಲ್ಲ ಅದರ ಮುಂದೇನೇ ತಲೆ ಒಣಗಿಸ್ಕೋತಾರೆ.”

“ಈ ಹಳೇ ಡಬ್ಬಿಗೆ ಮೂರು ಫ್ಯಾನಾ? ಮೂಗಿಗಿಂತ ಮೂಗುತಿ ಭಾರ ಆಗುತ್ತೆ, ಬಿಡಿ ಮೇಡಂ,” ಎಂದ ಜೆರಾಕ್ಸ್ ಯಂತ್ರದವನು.

ಗದ್ದಲ ಕೇಳಿ ಯಜಮಾನರು ಹೊರಬಂದರು. “ನೋಡಯ್ಯಾ, ಐದಕ್ಕೆ ಕಟ್ಟಡ ಪರದೆ ಮೇಲೆ ಸುತ್ತ ತಿರುಗಬೇಕು. ಯಾರದ್ದು ತಿರುಗುತ್ತೋ ಅದನ್ನೇ ತೋರಿಸೋದು. ಸರಿಬಿಡಿ ಮೆಷೀನನ್ನ ನಂಬಿದ್ರೆ ಅದು ಒಂದು ಸುತ್ತು ಬರೋದ್ರೊಳಗೆ ಸಮಿತಿಯವರು ಮನೆ ಸೇರಿರ್ತಾರೆ. ನಿಂದೇ ಗತಿ.”

ಮಿಲಿಮೀಟರ್ ಮೊದಲು ಎರಡೂ ಮೇಜುಗಳಿಗೆ ಸೇರಿ ಇದ್ದ ಒಂದೇ ಸ್ವಿಚ್ ಆರಿಸಿದ. ಬಳಿಕ ತನ್ನ ಕಾಲ ಬುಡದಲ್ಲಿದ್ದ ಕಂಪ್ಯೂಟರ್ ಡಬ್ಬಿಯನ್ನು ಹೊರಗೆಳೆದು, ಮುಚ್ಚಳ ತೆಗೆದು, ಒಳಗಿನ ಜಾಗವನ್ನು ಸ್ಕೇಲಿನಿಂದ ಅಳೆದ. ಹೊಸದು ಎಷ್ಟು ದೊಡ್ಡದೆಂಬುದು ಪ್ರಶ್ನೆಯೇ ಅಲ್ಲ, ಹಳೆಯದರಲ್ಲಿ ಎಷ್ಟು ಜಾಗ ಉಳಿದಿದೆ ಎಂಬುದೇ ಪ್ರಶ್ನೆ ಎಂದು ಅವನಿಗೆ ಅನ್ನಿಸಿತು. ಮನುಷ್ಯರ ವಿಷಯದಲ್ಲೂ ಇದು ನಿಜವಿರಬಹುದು ಎಂದುಕೊಳ್ಳುತ್ತ ಅಂಗಡಿಗೆ ನಡೆದ.

“ಇದನ್ನ ತಗೊಳ್ಳಿ ಸಾರ್, ಕಾರ್ಡುಗಳ ರಾಜ,” ಎಂದು ಅಂಗಡಿಯವನು ಇಟ್ಟಿಗೆಯಂಥದ್ದೊಂದನ್ನು ಮುಂದಿಟ್ಟ.

“ಉದ್ದ ಎಷ್ಟು?”

“ಉದ್ದ ಯಾರು ಕೇಳ್ತಾರೆ ಸಾರ್? ಎಲ್ಲರೂ ಕೇಳೋದು ಸ್ಪೀಡು.”

“ನನ್ನ ಡಬ್ಬಿ ಕೇಳುತ್ತೆ.”

ಎರಡನೆಯದು ಗಿಡ್ಡದಾಗಿತ್ತು, ಆದರೆ ಅದಕ್ಕೆ ಪ್ರತ್ಯೇಕ ವೈರಿನಿಂದ ವಿದ್ಯುತ್ತು ಬೇಕಿತ್ತು, ಡಬ್ಬಿಯಲ್ಲಿ ಅಂಥ ವೈರೇ ಇರಲಿಲ್ಲ. ಮೂರನೆಯದು ಮಿತಾಹಾರಿ, ಆದರೆ ದಪ್ಪ, ಮುಚ್ಚಳ ಕೂರುತ್ತಿರಲಿಲ್ಲ.

“ಸಾರ್, ನೀವು ಕಾರ್ಡ್ ಹುಡುಕ್ತಿದೀರೋ, ಅಳಿಯನ್ನ ಹುಡುಕ್ತಿದೀರೋ?”

“ಅಳಿಯ ಆದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೋತಾನೆ ಕಣಪ್ಪಾ. ಇದು ಮಾಡ್ಕೊಳ್ಳಲ್ಲ.”

ಕೊನೆಗೆ ಅಟ್ಟದಿಂದ ಒಂದು ತೆಳ್ಳನೆಯ ಕಾರ್ಡು ಇಳಿಯಿತು. ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಸ್ವಭಾವ. ಕೂತ ಜಾಗದಿಂದ ಸಿಗುವ ವಿದ್ಯುತ್ತಿನಲ್ಲೇ ತೃಪ್ತಿ. ಮಿಲಿಮೀಟರ್ ಅದನ್ನು ಕೂಸಿನಂತೆ ಎದೆಗವಚಿಕೊಂಡು ಬಂದ.

ಕಾರ್ಡು ಟಕ್ಕೆಂದು ಕೂತಿತು. ಮುಚ್ಚಳವೂ ಕೂತಿತು. ಮೇಡಂ ಚಪ್ಪಾಳೆ ತಟ್ಟಿದರು. ಕಳಚಿದ್ದ ವೈರುಗಳನ್ನು ಮತ್ತೆ ಸಿಕ್ಕಿಸಿ ಡಬ್ಬಿಯನ್ನು ಒಳಗೆ ತಳ್ಳುವಷ್ಟರಲ್ಲಿ ಸರಿಬಿಡಿ ಬಂದು ತನ್ನ ಕುರ್ಚಿಯಲ್ಲಿ ಕುಳಿತ. ಹೊರಗೆ ಸಮಿತಿಯವರ ಚಪ್ಪಲಿ ಸದ್ದೂ ಕೇಳಿತು. ಮಿಲಿಮೀಟರ್ ಸ್ವಿಚ್ ಹಾಕಿದ. ಕರೆಂಟು ಬಂದರೆ ತಾವೇ ಏಳುವ ಯಂತ್ರಗಳು ಎರಡೂ ಗುಂಯ್‌ಗುಟ್ಟಿದವು.

ಇಬ್ಬರೂ ತಮ್ಮ ತಮ್ಮ ನಕ್ಷೆ ತೆರೆದರು. ಮಿಲಿಮೀಟರನ ಗ್ರಂಥಾಲಯ ಅದೇ ಪೈಜಾಮದಲ್ಲಿ ಪ್ರತ್ಯಕ್ಷವಾಯಿತು.

“ಅರೆ! ನಂದು ತಿರುಗ್ತಾ ಇದೆಯಲ್ಲ!” ಪಕ್ಕದಲ್ಲಿ ಸರಿಬಿಡಿ ಕೂಗಿದ.

ಅವನ ಪರದೆಯಲ್ಲಿ ಕಟ್ಟಡ ಬುಗುರಿಯಂತೆ ಸಲೀಸಾಗಿ ಸುತ್ತುತ್ತಿತ್ತು. ಪುಸ್ತಕದ ಕಪಾಟಿನ ಮೇಲೆ ಬಿದ್ದ ಬೆಳಕು ಕೂಡ ಕಾಣುತ್ತಿತ್ತು. ಯಜಮಾನರು ಸಮಿತಿಯವರನ್ನು ನೇರ ಅಲ್ಲಿಗೇ ಕರೆದೊಯ್ದರು. “ಎಷ್ಟು ಸ್ಪಷ್ಟವಾಗಿದೆ! ಇದೇ ಇರಲಿ,” ಎಂದರು ಅಧ್ಯಕ್ಷೆ.

ಅವರು ಹೋದ ಮೇಲೆ ಮಿಲಿಮೀಟರ್ ಮೇಜಿನಡಿ ತೂರಿ, ತನ್ನ ಮಾನಿಟರಿನ ವೈರನ್ನು ಬೆರಳಲ್ಲಿ ಹಿಡಿದು ಸಾಗಿದ. ಅದು ಹೊಸ ಕಾರ್ಡಿನ ಪಕ್ಕದಿಂದಲೇ ಹಾದು, ವೈರುಗಳ ಪೊದೆಯಲ್ಲಿ ನುಸುಳಿ, ಸರಿಬಿಡಿಯ ಕಾಲ ಬುಡದ ಡಬ್ಬಿಯನ್ನು ಸೇರಿತ್ತು.

“ಇದೇನ್ರೀ ಇದು?”

ಸರಿಬಿಡಿ ಬಗ್ಗಿ ನೋಡಿ ತಲೆ ಕೆರೆದುಕೊಂಡ. “ಹೋದ ತಿಂಗಳು ಬಿಸಿಲು ಬೀಳುತ್ತೆ ಅಂತ ಜಾಗ ಬದಲಾಯಿಸ್ಕೊಂಡ್ವಲ್ಲ? ನೀವು ಊಟಕ್ಕೆ ಹೋಗಿದ್ರಿ, ನಾನೇ ಎಲ್ಲ ಸಾಗಿಸ್ದೆ. ಮಾನಿಟರು, ಕೀಬೋರ್ಡು, ಮೌಸು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಇಟ್ಟೆ. ಡಬ್ಬಿಗಳು ಭಾರ ಇದ್ವು, ಇದ್ದಲ್ಲೇ ಬಿಟ್ಟೆ. ವೈರು ಹೇಗೂ ಉದ್ದ ಇತ್ತಲ್ಲ ಅಂತ...”

ಮಿಲಿಮೀಟರ್ ಮೇಜಿನಡಿಯಲ್ಲೇ ಕುಳಿತು ದಿನದ ಕೆಲಸವನ್ನು ಮೊದಲಿನಿಂದ ಪರಿಶೀಲಿಸಿದ. ಉದ್ದ, ದಪ್ಪ, ವಿದ್ಯುತ್ತು ಮೂರೂ ಸರಿಯಾಗಿದ್ದವು. ಡಬ್ಬಿ ಮಾತ್ರ ಅವನದಾಗಿರಲಿಲ್ಲ.