ಹತ್ತಡಿ ನೀರಿನಲ್ಲಿ ವರಪರೀಕ್ಷೆ

ಸಮುದ್ರವೇ ಇಲ್ಲದ ಊರಿನಲ್ಲಿ ಮುಳುಗುಗಾರನ ಕೆಲಸ ಮಾಡುವವನು ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಮನೆ ವಿಳಾಸ ಕೇಳಿಕೊಂಡು ಬರುತ್ತದೆ. ಐವತ್ತರ ದಶಕದಲ್ಲಿ ನಾನು ಮೈಸೂರಿನ ಆಚೆಯ ಒಂದು ಅಣೆಕಟ್ಟೆಯಲ್ಲಿದ್ದೆ. ನೀರಿನ ತಳಕ್ಕಿಳಿದು ತೂಬಿನ ಬಾಗಿಲಿಗೆ ಸಿಕ್ಕಿಕೊಂಡ ಮರದ ದಿಮ್ಮಿ ಬಿಡಿಸುವುದು, ಬಾಗಿಲಂಚಿನ ಸವೆದ ಪಟ್ಟಿ ತಡವಿ ನೋಡಿ ಹೇಳುವುದು, ಇದು ನನ್ನ ಕೆಲಸ. ಮನೆ ಅಶೋಕಪುರಂನಲ್ಲಿ.

ಆಗ ನನಗೊಂದು ಹೆಣ್ಣು ನೋಡಿದ್ದರು. ಉಪ್ಪಿಟ್ಟಿನ ತಟ್ಟೆ ಇಡುವಾಗ ಅವಳು ಒಂದೇ ಒಂದು ಸಲ ತಲೆಯೆತ್ತಿ ನಕ್ಕಳು, ನಾನು ಅಲ್ಲೇ ಕರಗಿಹೋದೆ. ಅವಳೂ ಒಪ್ಪಿದಳೆಂದು ಸುದ್ದಿ ಬಂತು. ಒಪ್ಪಬೇಕಾಗಿದ್ದವರು ಅವಳ ತಂದೆ ಒಬ್ಬರೇ. ಮಾರ್ಕೆಟ್ಟಿನಲ್ಲಿ ಅವರದು ತುಪ್ಪದ ಅಂಗಡಿ. ನನ್ನ ಮೇಲೆ ಅವರ ತಕರಾರು ಏನೂ ಇರಲಿಲ್ಲ, ಇದ್ದದ್ದೆಲ್ಲ ನಾನು ಉಸಿರಾಡುವ ಗಾಳಿಯ ಮೇಲೆ.

ಪೂರಾ ಗಾಳಿನೇ

ಮೊದಲ ತಕರಾರು ರಬ್ಬರು ಕೊಳವೆಯದು. ನಮ್ಮದು ಹಳೇ ಕಾಲದ ಸಲಕರಣೆ. ತಲೆಗೆ ತಾಮ್ರದ ದೊಡ್ಡ ಟೋಪಿ, ಮೈಗೆ ರಬ್ಬರಿನ ದಪ್ಪ ಅಂಗಿ. ಮೇಲೆ ಇಬ್ಬರು ಚಕ್ರ ತಿರುಗಿಸುವ ಗಾಳಿ ಪಂಪು, ಅಲ್ಲಿಂದ ನನ್ನ ಟೋಪಿಗೆ ಒಂದು ಉದ್ದನೆಯ ಕೊಳವೆ.

"ಆ ಕೊಳವೆ ಮೇಲೆ ಯಾವನಾದ್ರೂ ಕಾಲಿಟ್ರೆ ನನ್ನ ಮಗಳ ಗತಿ?" ಎಂದರು ತುಪ್ಪದ ಯಜಮಾನರು.

ನನ್ನ ಅದೃಷ್ಟಕ್ಕೆ ಆಗಲೇ ಪರದೇಶದಿಂದ ನಮ್ಮ ಆಫೀಸಿಗೆ ಎರಡು ಸಿಲಿಂಡರು ಬಂದವು. ಒಳಗೆ ಒತ್ತಿ ತುಂಬಿದ ಗಾಳಿ. ಬೆನ್ನಿಗೆ ಕಟ್ಟಿಕೊಂಡು ಇಳಿದರಾಯಿತು, ಕೊಳವೆಯ ಕಾಟವೇ ಇಲ್ಲ. ಮದುವೆ ಆದಂತೆಯೇ ಎಂದುಕೊಂಡು ಉಗ್ರಾಣಕ್ಕೆ ಓಡಿದೆ. ನಮ್ಮ ಉಗ್ರಾಣದವರು ಬಂದ ಸಾಮಾನನ್ನು ಪರೀಕ್ಷಿಸದೆ ಒಳಕ್ಕೆ ಬಿಟ್ಟುಕೊಳ್ಳುವ ಪೈಕಿಯಲ್ಲ. ಬಣ್ಣದ ಡಬ್ಬ ಬಂದರೆ ತಳದ ತನಕ ಕಡ್ಡಿ ಅದ್ದಿ ನೋಡುವ ಮನುಷ್ಯ. ನಾನು ಹೋಗುವ ಹೊತ್ತಿಗೆ ಎರಡೂ ಸಿಲಿಂಡರಿನ ತಿರುಪು ಬಿಚ್ಚಿತ್ತು, ಕಾಗದಗಳೆಲ್ಲ ಹಾರಿ ನೆಲದ ಮೇಲೆ ಬಿದ್ದಿದ್ದವು.

"ಏನ್ ಸ್ವಾಮಿ, ಖಾಲಿ ಮಾಡ್ಬುಟ್ರಲ್ಲ!" ಎಂದು ಬಾಯಿ ಬಡಿದುಕೊಂಡೆ.

"ನೋಡ್ದೆ ತಗೊಳ್ಳೋಕಾಗುತ್ತೇನ್ರೀ? ಮೇಲೆ ಗಾಳಿ ತುಂಬಿ ಕೆಳಗೆ ಬೇರೆ ಏನಾದ್ರೂ ಇಟ್ಟಿದ್ರೆ? ನಿಶ್ಚಿಂತೆಯಾಗಿರಿ, ಕೊನೇವರೆಗೂ ನೋಡ್ಬುಟ್ಟೆ. ಪೂರಾ ಗಾಳಿನೇ."

ಅಷ್ಟು ಒತ್ತಡದಲ್ಲಿ ಮತ್ತೆ ತುಂಬುವ ಯಂತ್ರ ಮೈಸೂರಿನಲ್ಲಿ ಎಲ್ಲೂ ಇರಲಿಲ್ಲ. ನಮ್ಮ ಬೀದಿಯ ಸೈಕಲ್ ಶಾಪಿನವನೊಬ್ಬ ಮಾತ್ರ ಧೈರ್ಯ ಹೇಳಿದ: "ಬಿಟ್ಟೋಗಿ ಸಾರ್, ಸಾಯಂಕಾಲದೊಳಗೆ ಹೊಡ್ದು ಇಟ್ಟಿರ್ತೀನಿ."

ಕಲಬೆರಕೆ

ಮತ್ತೆ ತಾಮ್ರದ ಟೋಪಿಯೇ ಗತಿಯಾಯಿತು. ಯಜಮಾನರು ನನ್ನನ್ನು ಅಂಗಡಿಗೆ ಕರೆಸಿದರು. ಎಡಗೈಯಲ್ಲಿ ನಶ್ಯದ ಡಬ್ಬಿ, ಮುಂದೆ ಸಾಲಾಗಿ ತುಪ್ಪದ ಡಬ್ಬ.

"ಕೊಳವೆ ವಿಚಾರ ಹಾಗಿರ್ಲಿ. ಅದರಲ್ಲಿ ಕಳಿಸೋದು ಆಮ್ಲಜನಕ ತಾನೇ?"

ಸುಳ್ಳು ಹೇಳಿದ್ದರೆ ಅಂದೇ ಕೆಲಸ ಮುಗಿಯುತ್ತಿತ್ತು. ನನ್ನ ನಾಲಿಗೆಗೆ ಆ ಬುದ್ಧಿ ಇರಲಿಲ್ಲ.

"ಇಲ್ಲ, ಬರೀ ಗಾಳಿ. ಐದು ಪಾಲಲ್ಲಿ ಒಂದು ಪಾಲು ಆಮ್ಲಜನಕ. ಮಿಕ್ಕಿದ್ದು ಹೆಚ್ಚುಕಮ್ಮಿ ಎಲ್ಲಾ ಸಾರಜನಕ. ಅದು ಉಸಿರಿಗೆ ಉಪಯೋಗ ಇಲ್ಲ, ಸುಮ್ನೆ ಜೊತೇಲಿರುತ್ತೆ."

"ಅಪ್ಪಟದ್ದೇ ಯಾಕೆ ಕೊಡಲ್ಲ?"

"ಅಷ್ಟು ಆಳದಲ್ಲಿ ಅಪ್ಪಟ ಆಮ್ಲಜನಕ ವಿಷ ಆಗ್ಬುಡುತ್ತೆ. ಕೈಕಾಲು ಸೆಟೆದು ಫಿಟ್ಸ್ ಬರುತ್ತೆ."

ಅಪ್ಪಟದ್ದು ವಿಷ ಎಂಬ ಮಾತನ್ನು ಆ ಅಂಗಡಿಯಲ್ಲಿ ಅದಕ್ಕೆ ಮುಂಚೆ ಯಾರೂ ಆಡಿರಲಿಕ್ಕಿಲ್ಲ. ಯಜಮಾನರು ನಶ್ಯ ಏರಿಸುವುದನ್ನೂ ಮರೆತು ನನ್ನನ್ನೇ ನೋಡಿದರು.

"ಐದರಲ್ಲಿ ನಾಲ್ಕು ಪಾಲು ಕಲಬೆರಕೆ! ಈ ಲೆಕ್ಕದಲ್ಲಿ ನಾನು ತುಪ್ಪ ಮಾರಿದ್ರೆ ಒಳಗೆ ಹಾಕ್ತಾರೆ. ನಿಮಗೆ ಸಂಬಳ ಬೇರೆ ಕೊಡ್ತಾರೆ!"

ಗೋಲಿ ಸೋಡಾ

ಇನ್ನು ನೀನು ಬಾಯಿ ಬಿಡಬೇಡ, ನಾನು ನೋಡಿಕೊಳ್ಳುತ್ತೇನೆ ಎಂದು ನನ್ನ ಸೋದರಮಾವ ಮುಂದೆ ಬಂದರು. ಹುಡುಗಿಯ ಕಡೆಯವರಿಗೆ ಇನ್ನೊಂದು ಭಯವಿತ್ತು. ಮುಳುಗುಗಾರರಿಗೆ ಕೀಲು ಹಿಡಿದುಕೊಳ್ಳುತ್ತದೆ, ಕೆಲವರು ಏಳುವುದೇ ಇಲ್ಲ ಎಂದು ಯಾರೋ ಹೇಳಿದ್ದರಂತೆ. ಅದಕ್ಕೆ ನಾನು ಮಾವನಿಗೆ ಪಾಠ ಹೇಳಿಕೊಟ್ಟೆ. ಆಳದಲ್ಲಿ ನೀರಿನ ಒತ್ತಡಕ್ಕೆ ಆ ಸಾರಜನಕ ರಕ್ತದಲ್ಲಿ ಕರಗುತ್ತದೆ. ಥಟ್ಟನೆ ಮೇಲೆ ಬಂದರೆ ಗುಳ್ಳೆಯಾಗಿ ಕೀಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ನಾವು ಬರುವ ದಾರಿಯಲ್ಲಿ ಅಲ್ಲಲ್ಲಿ ನಿಂತು, ಕೊನೆಗೆ ಹತ್ತಡಿ ನೀರಿನಲ್ಲಿ ಹಗ್ಗ ಹಿಡಿದು ಬಹಳ ಹೊತ್ತು ಕಾಯುತ್ತೇವೆ. ಗೋಲಿ ಸೋಡಾವನ್ನು ಮೆಲ್ಲಗೆ ಬಿಟ್ಟ ಹಾಗೆ, ಭಯವಿಲ್ಲ.

ಮಾವನಿಗೆ ಮಿಕ್ಕಿದ್ದೆಲ್ಲ ಮರೆತು ಸೋಡಾ ಒಂದು ನೆನಪಿನಲ್ಲಿ ಉಳಿಯಿತು. ದಾರಿಯಲ್ಲೊಂದು ಬಾಟಲಿ ಕೊಂಡು, ಆ ಮನೆಯ ನಡುಮನೆಯಲ್ಲಿ ನಿಂತು, ಚೆನ್ನಾಗಿ ಕುಲುಕಿ, ಗೋಲಿಯನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿಯೇಬಿಟ್ಟರು. ಸೋಡಾ ಬುಸ್ಸೆಂದು ಹಾರಿ ಯಜಮಾನರ ಮುಖ, ಜರಿಪೇಟ, ಮಡಿಪಂಚೆ ಎಲ್ಲ ತೋಯಿಸಿತು. ಮೆಲ್ಲಗೆ ಬಿಟ್ಟು ತೋರಿಸಲು ಎರಡನೇ ಬಾಟಲಿ ತಂದಿರಲಿಲ್ಲ.

ಮಾವ ಹೆಮ್ಮೆಯಿಂದ ಅಂದರು: "ನೋಡಿದ್ರಾ ಯಜಮಾನ್ರೇ? ನಮ್ಮ ಹುಡುಗ ಒಳಗೆಲ್ಲಾ ಹಿಂಗೇ!"

ಒಂಟಿ ಸೀನು

ಪಂಚೆ ಒಣಗಿದ ಮೇಲೆ ಯಜಮಾನರು ಒಂದು ತೀರ್ಮಾನಕ್ಕೆ ಬಂದರು. ಕೆಲಸವನ್ನು ಕಣ್ಣಾರೆ ನೋಡುವುದು, ಹೂಂ ಅಥವಾ ಉಹೂಂ ಅಲ್ಲೇ ಹೇಳಿಬಿಡುವುದು. ಅಣೆಕಟ್ಟೆಯ ತೋಟ ನೋಡುವ ನೆಪ ಹೇಳಿ ಮಗಳೂ ಜೊತೆಗೆ ಹೊರಟಳು.

ಅವರು ಬಂದಾಗ ನಾನು ತಳದ ಕೆಲಸ ಮುಗಿಸಿ ಹತ್ತಡಿ ನೀರಿನಲ್ಲಿ ಹಗ್ಗ ಹಿಡಿದು ಕಾಯುತ್ತಿದ್ದೆ. ಟೋಪಿಯೊಳಗೆ ಟೆಲಿಫೋನು ಇತ್ತು. ನಾನಾಡಿದ್ದು ಮೇಲಿನ ಪೆಟ್ಟಿಗೆಯಲ್ಲಿ ಎಲ್ಲರಿಗೂ, ಅಲ್ಲಿ ಆಡಿದ್ದು ನನಗೂ ಕೇಳುತ್ತಿತ್ತು. ಕೊಳವೆ ಹಿಡಿಯುವ ಮೇಸ್ತ್ರಿ, "ಅವರು ಈಗ್ಲೇ ಬರೋ ಹಂಗಿಲ್ಲ ಯಜಮಾನ್ರೇ. ಬೇಕಾದ್ರೆ ಇದರಲ್ಲಿ ಮಾತಾಡಿ" ಅಂದನಂತೆ. ಯಜಮಾನರು ಪಂಪಿನ ಪಕ್ಕದಲ್ಲೇ ಸ್ಟೂಲು ಹಾಕಿಸಿಕೊಂಡು ಕೂತರು.

ಓಡಿಹೋಗಲಾರದ ವರ ಅವರಿಗೆ ಅದುವರೆಗೆ ಸಿಕ್ಕಿರಲಿಲ್ಲ. ಊರು, ಮನೆದೇವರು, ತಂದೆಯ ಆರೋಗ್ಯ, ನನಗೆ ಕಾಫಿ ಎಷ್ಟು ಲೋಟ ಬೇಕು, ಎಲ್ಲ ಕೇಳಿದರು. ಮೀನುಗಳು ಟೋಪಿಯ ಗಾಜಿನ ಕಿಟಕಿಯ ಹತ್ತಿರ ಬಂದು ನೋಡಿಹೋದವು. ನಾನು ನಿಂತೇ ಎಲ್ಲಕ್ಕೂ ಉತ್ತರ ಹೇಳಿದೆ. ನನ್ನ ಎದೆ ಹೊಡೆದುಕೊಳ್ಳುವುದು ಪೆಟ್ಟಿಗೆಯಲ್ಲಿ ಕೇಳುತ್ತದೇನೋ ಎಂದು ಭಯ.

"ವಿನಯ ಇದೆ. ಎದುರು ಮಾತಿಲ್ಲ" ಎಂದು ಅವರೇ ಮೇಸ್ತ್ರಿಗೆ ಹೇಳುವುದು ಕೇಳಿಸಿತು. ಆ ಖುಷಿಯಲ್ಲಿ ಡಬ್ಬಿ ತೆಗೆದು ಒಂದು ಚಿಟಿಕೆ ನಶ್ಯ ಕೊಡವಿದರಂತೆ. ಪಂಪು ಗಾಳಿ ಎಳೆದುಕೊಳ್ಳುವ ಬಾಯಿ ಅವರ ಮೊಣಕಾಲಿನ ಬಳಿಯೇ ಇತ್ತು.

"ಹಂಗಾದ್ರೆ ನಮ್ಮ ಹುಡುಗೀನ ನಿಮಗೆ ಕೊಡೋದು ಅಂತ..."

"ಆ...ಕ್ಷೀ!" ಸೀನಿದ್ದು ನಾನು, ಟೋಪಿಯೊಳಗೆ.

ಶುಭಕಾರ್ಯದ ಮಾತಿಗೆ ಒಂಟಿ ಸೀನು! "ಅಪಶಕುನ ಆಗ್ಬುಡ್ತಲ್ಲಪ್ಪ" ಎಂದು ಅವರು ಸ್ಟೂಲಿನಿಂದ ಎದ್ದರು. ಇನ್ನೊಂದು ಸೀನು ಬಂದರೆ ಜೋಡಿ, ಶುಭ. ನಾನು ಕಣ್ಣು ಮುಚ್ಚಿದೆ, ಮೂಗು ಸೊಟ್ಟ ಮಾಡಿದೆ, ಮನೆದೇವರಿಗೆ ಹರಕೆ ಹೊತ್ತೆ. ಬಾರದು. ಮೂಗಿಗೆ ಬೆರಳು ಹಾಕೋಣವೆಂದರೆ ಮಧ್ಯೆ ತಾಮ್ರದ ಗೋಡೆ. ಅವಳ ಆ ಒಂದು ನಗೆ ಕಣ್ಣ ಮುಂದೆ ಬಂದು ನಿಜವಾಗಿಯೂ ಅಳು ಬಂತು.

ಅಷ್ಟರಲ್ಲಿ ಬಂತು ನೋಡಿ. ಆಕ್ಷೀ! ಮತ್ತೆ ಆಕ್ಷೀ! ಮತ್ತೆ, ಮತ್ತೆ. ಕಿಟಕಿಯ ಗಾಜು ಮಬ್ಬಾಯಿತು, ಕಾಲು ಹಗ್ಗದಿಂದ ಜಾರಿತು, ಮೀನುಗಳೆಲ್ಲ ಓಡಿಹೋದವು. ಮೇಲೆ ಯಜಮಾನರು "ಜೋಡಿ ಆಯ್ತು! ಇನ್ನೊಂದು ಜೋಡಿ!" ಎಂದು ಕೂಗುತ್ತಿದ್ದರು. "ಇಷ್ಟೊಂದು ಶುಭ ನಮ್ಮ ವಂಶದಲ್ಲೇ ಯಾರಿಗೂ ಆಗಿಲ್ಲ ಕಣಯ್ಯ ಮೇಸ್ತ್ರಿ!"

ಹೊತ್ತು ಮುಗಿದು ಮೇಲೆ ಬಂದೆ. ಟೋಪಿ ಬಿಚ್ಚಿದಾಗ ನನ್ನ ಮುಖ ಯಾರೂ ನೋಡುವ ಹಾಗಿರಲಿಲ್ಲ. ಯಜಮಾನರು ಅದನ್ನು ಆನಂದಬಾಷ್ಪವೆಂದುಕೊಂಡು ಬೆನ್ನು ತಟ್ಟಿದರು. ಆಮೇಲೆ ಸುತ್ತಮುತ್ತ ತಡಕಾಡಿ, "ನನ್ನ ನಶ್ಯದ ಡಬ್ಬಿ ಎಲ್ಲಮ್ಮ? ಇಲ್ಲೇ ಇಟ್ಟಿದ್ದೆ" ಎಂದು ಮಗಳನ್ನು ಕೇಳಿದರು.

"ನಾನು ನೋಡ್ಲಿಲ್ಲಪ್ಪ" ಎಂದಳು ಅವಳು. ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದ ಬೆರಳ ತುದಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಪಂಪಿನ ಬಾಯಿಯ ಕೆಳಗೆ ಖಾಲಿ ಡಬ್ಬಿ ಬಿದ್ದಿತ್ತು, ಅದರ ಮೇಲೆ ಮೇಸ್ತ್ರಿ ಗಂಭೀರವಾಗಿ ಕಾಲಿಟ್ಟು ನಿಂತಿದ್ದ.

ನನಗೆ ಮಾವನವರಾದ ಆ ಯಜಮಾನರು ಈಗಲೂ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ: "ನಮ್ಮ ಮನೇಲಿ ಇವತ್ತಿನವರೆಗೂ ಯಾರೂ ಕಲಬೆರಕೆ ಮಾಡಿದೋರಲ್ಲ!" ಒಳಗಿನಿಂದ ಕಾಫಿ ತರುವ ಅವರ ಮಗಳು ನನ್ನ ಕಡೆ ತಿರುಗಿಯೂ ನೋಡುವುದಿಲ್ಲ.