ಬಲಗಡೆಯಿಂದ ಬಂದ ಕುರಿಗೆ ಮೊದಲ ದಾರಿ

ಸಿರಾದಿಂದ ಕೊರಟಗೆರೆಯವರೆಗೆ ಹುಡುಕಿದರೂ ನಮ್ಮ ಭಾವನಂಥ ಅಪಾಯಕಾರಿ ಡ್ರೈವರ್ ಸಿಗುತ್ತಿರಲಿಲ್ಲ. ಕುಡಿಯುತ್ತಿದ್ದರೇ? ಇಲ್ಲ. ಜೋರಾಗಿ ಓಡಿಸುತ್ತಿದ್ದರೇ? ರಾಮ ರಾಮ! ಅವರಿಗಿದ್ದದ್ದು ಒಂದೇ ದೋಷ: ರಸ್ತೆಯ ನಿಯಮಗಳೆಲ್ಲ ಗೊತ್ತಿದ್ದವು!

ಭಾವ ಎಂದರೆ ನನ್ನ ಅಕ್ಕನ ಗಂಡ. ಮದುವೆಯಾದ ವರ್ಷವೇ ಹಡಗು ಹತ್ತಿ ಬಸ್ರಾ ಕಡೆಯ ಒಂದು ಎಣ್ಣೆ ಕಂಪನಿಗೆ ಲಾರಿ ಓಡಿಸಲು ಹೋದವರು, ಆರು ವರ್ಷದ ಮೇಲೆ ಊರಿಗೆ ಬಂದರು. ಆಗಿನ್ನೂ ಐವತ್ತರ ದಶಕ ಮುಗಿದಿರಲಿಲ್ಲ. ಅಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವಂತೆ. ಸ್ಟೇರಿಂಗು ಎಡಕ್ಕಂತೆ. ಕಂಪನಿಯ ಬಡಾವಣೆಯಲ್ಲಿ ಹಾರನ್ ಹೊಡೆದರೆ ದೊರೆ ಕರೆದು ಬೈಯುತ್ತಿದ್ದನಂತೆ. ಭಾವ ಅದನ್ನೆಲ್ಲ ಎಷ್ಟು ಭಕ್ತಿಯಿಂದ ಕಲಿತುಬಿಟ್ಟಿದ್ದರೆಂದರೆ, ಸಿರಾದ ಸಾಹೇಬರೊಬ್ಬರ ಬಸ್ಸಿಗೆ ಡ್ರೈವರಾಗಿ ಸೇರಿದ ಮೊದಲ ದಿನ ಎಡಗಡೆಯಿಂದ ಹತ್ತಿ ಕೂತು, ಮುಂದೆ ಕೈ ಚಾಚಿ, "ಸ್ಟೇರಿಂಗ್ ಯಾರ್ಲಾ ಬಿಚ್ಕೊಂಡೋದೋರು?" ಎಂದು ಕಂಡಕ್ಟರನ ಮೇಲೆ ಕೂಗಾಡಿದರು.

ಅಷ್ಟರಲ್ಲೇ ಕಂಪನಿಯಿಂದ ಕಾಗದ ಬಂತು. ನಿಮ್ಮ ಜಾಗ ಖಾಲಿ ಇದೆ, ಬರುವುದಾದರೆ ತಿಂಗಳೊಳಗೆ ತಿಳಿಸಿ ಎಂದಿತ್ತು. ಓದಿ ಹೇಳಿದವನು ನಾನೇ. ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. "ಇಲ್ಲಿ ಕೆಲ್ಸ ನಿಲ್ಲದೇ ಹೋದ್ರೆ ಇವ್ರು ಮತ್ತೆ ಹಡಗು ಹತ್ತುಬುಡ್ತಾರೆ ಕಣ್ಲಾ. ಹೆಂಗಾರ ಮಾಡಿ ನಮ್ಮೂರ ತರ ಬಸ್ ಓಡ್ಸೋದು ಕಲ್ಸು" ಎಂದಳು. ನಾನು ಮಧುಗಿರಿಯಲ್ಲಿ ಮಿಡ್ಲ್‌ಸ್ಕೂಲ್ ಮೇಷ್ಟ್ರು. ದಿನಾ ಅವರ ಬಸ್ಸಿನಲ್ಲೇ ಹೋಗುವವನು ನಿಜ. ಆದರೆ ನನಗೆ ಸೈಕಲ್ಲೂ ಬರುವುದಿಲ್ಲ! ಆದರೂ ಒಪ್ಪಿಕೊಂಡೆ. ಅಕ್ಕನ ಮುಖ ನೋಡಿ ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಪಾಠದ ಮೊದಲ ದಿನವೇ ಒಂದು ಕೂಡುರಸ್ತೆಯಲ್ಲಿ ಬಸ್ಸು ನಿಂತುಬಿಟ್ಟಿತು. ಬಲಗಡೆಯಿಂದ ಹುಲಿಕುಂಟೆ ಕಡೆಯ ಕುರಿಮಂದೆಯೊಂದು ಬರುತ್ತಿತ್ತು.

"ಯಾಕೆ ಭಾವ ನಿಂತ್ರಿ?"

"ಬಲಗಡೆಯಿಂದ ಬರೋರಿಗೆ ದಾರಿ ಮೊದ್ಲು ಕಣ್ಲಾ."

"ಬರ್ತಿರೋದು ಕುರಿ ಭಾವ!"

"ಕುರಿ ಆದ್ರೇನು? ಬಲಗಡೆಯಿಂದ ಬಂತೋ ಇಲ್ವೋ?"

ಮಂದೆ ದಾಟಿತು. ಹಿಂದೆಯೇ ಇನ್ನೊಂದು ಮಂದೆ, ಅದರ ಹಿಂದೆ ಹುಲ್ಲಿನ ಗಾಡಿ, ಗಾಡಿಯ ಹಿಂದೆ ನಾಲ್ಕು ಎಮ್ಮೆ. ಎಮ್ಮೆಗಳಲ್ಲಿ ಒಂದು ನಡುರಸ್ತೆಯಲ್ಲಿ ನಿಂತು ಯೋಚನೆಗೆ ಬಿತ್ತು. ಬಸ್ಸಿನಲ್ಲಿದ್ದ ಪಾವಗಡದ ಅಜ್ಜಿಯೊಬ್ಬಳು ಕಿಟಕಿಯಿಂದ ತಲೆ ಹೊರಹಾಕಿ, "ಏಂ ನಾಯನಾ, ಕುರಿಗೂ ಎಮ್ಮೆಗೂ ದಾರಿ ಬುಡ್ತೀಯ, ಮನುಷ್ಯರು ಮಧುಗಿರಿಗೆ ಹೋಗೋದು ಬ್ಯಾಡವಾ?" ಎಂದು ಕೇಳಿ, ಇಳಿದು ನಡೆದೇ ಹೊರಟಳು. ನಾವು ಮಧುಗಿರಿ ತಲುಪಿದಾಗ ಅಜ್ಜಿ ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿದು ಲೋಟ ತೊಳೆದಿಡುತ್ತಿದ್ದಳು!

ಹಾರನ್ನಿನ ಕಥೆ ಬೇರೆ. ನಮ್ಮ ಕಡೆ ಬಸ್ಸಿಗೆ ಯಾರಾದರೂ ಮೊದಲೇ ಬಂದು ಕಾಯುವುದುಂಟೇ? ಕೆರೆ ಏರಿಯ ಮೇಲೆ ಹಾರನ್ ಕೇಳಿದ ಮೇಲೆ ತಾನೇ ಗಂಡಸರು ಊಟ ಮುಗಿಸುವುದು, ಹೆಂಗಸರು ತಲೆ ಬಾಚುವುದು, ಅಳಿಯ ಮಾವನಿಗೆ ನಮಸ್ಕಾರ ಮಾಡುವುದು! ಭಾವ ಬೆಕ್ಕಿನ ಹಾಗೆ ಸದ್ದಿಲ್ಲದೆ ಊರೂರು ಹೊಕ್ಕು ಹೊರಟುಬಿಡುತ್ತಿದ್ದರು. ಒಂದು ದಿನ ಕೊರಟಗೆರೆಗೆ ಹೋದ ಬಸ್ಸಿನಿಂದ ಇಳಿದವರು ಇಬ್ಬರೇ, ಭಾವ ಮತ್ತು ಕಂಡಕ್ಟರ್. ಇನ್ನೊಂದು ದಿನ ಮುದ್ದೆ ಮೆತ್ತಿದ ಕೈಯಲ್ಲೇ ಒಬ್ಬ ಗೌಡರು ಬಸ್ಸಿನ ಹಿಂದೆ ಓಡಿಬಂದು ಅಡ್ಡ ನಿಂತರು.

"ಏಳ್ದೆ ಕೇಳ್ದೆ ಓಯ್ತೀಯಲ್ಲಪ್ಪ! ಒಂದ್ಸಲ ಹಾರನ್ ಹೊಡೆದ್ರೆ ಏನಾಯ್ತದೆ?"

"ಹಾರನ್ ಹೊಡೆಯೋದೂ ಒಂದೇ, ಜನಾನ ಬಯ್ಯೋದೂ ಒಂದೇ ಗೌಡ್ರೆ. ನಾನು ಯಾರನ್ನೂ ಬಯ್ಯಲ್ಲ."

"ಬಯ್ಯಪ್ಪಾ! ಬಾಯ್ತುಂಬ ಬಯ್ಯಿ! ಬೈಸ್ಕೊಂಡೇ ಹತ್ತೀವಿ!"

ಅಕ್ಕನಿಗೆ ಇದೆಲ್ಲ ನನ್ನಿಂದಲೇ ತಿಳಿಯುತ್ತಿತ್ತು. ಕೇಳಿ ನಗುತ್ತಿದ್ದಳು. ನಕ್ಕು ಮುಗಿಸಿ, "ತಿಂಗ್ಳಿಗೆ ಇನ್ನೆಷ್ಟು ದಿನ ಐತೆ?" ಎನ್ನುತ್ತಿದ್ದಳು. ಇನ್ನು ನಾಲ್ಕೇ ದಿನ ಇರುವಾಗ ಆ ಕೆರೆ ಏರಿಯ ಪ್ರಸಂಗ ನಡೆಯಿತು.

ಏರಿಯ ಮೇಲೆ ಒಂದೇ ಬಸ್ಸಿಗೆ ಜಾಗ. ಎದುರಿನಿಂದ ಇನ್ನೊಂದು ಬಸ್ಸು ಬಂತು. ಇಂಥ ಹೊತ್ತಿನಲ್ಲಿ ಇಬ್ಬರೂ ಹಾರನ್ ಹೊಡೆದು, ಇಳಿದು, ತೋಳೇರಿಸಿ, ಒಂದು ಬೀಡಿ ಸೇದಿ, ಆಮೇಲೆ ಯಾರಾದರೊಬ್ಬರು ಹಿಂದೆ ಸರಿಯುವುದು ನಮ್ಮ ಕಡೆಯ ಪದ್ಧತಿ. ಭಾವ ಕಂಡೊಡನೆ ನಗುತ್ತ ಕೈಬೀಸಿ, ಬಸ್ಸನ್ನು ಹಿಂದಕ್ಕೆ ತೆಗೆಯತೊಡಗಿದರು. ಎದುರಿನವನಿಗೆ ಹುಟ್ಟಿದಾಗಿನಿಂದ ಯಾರೂ ದಾರಿ ಬಿಟ್ಟಿರಲಿಲ್ಲ. ಮುಂದೆ ಏರಿ ಒಡೆದಿರಬೇಕು, ಅದಕ್ಕೇ ಈತ ಕೈಬೀಸಿ ಓಡಿಹೋಗುತ್ತಿದ್ದಾನೆ ಎಂದುಕೊಂಡು ಅವನೂ ಹಿಂದಕ್ಕೆ ಓಡಿಸಿದ! ಆ ಬಸ್ಸು ಆ ಊರಿಗೆ, ಈ ಬಸ್ಸು ಈ ಊರಿಗೆ ವಾಪಸ್ಸು. ಏರಿ ಒಡೆದ ಸುದ್ದಿ ಬಸ್ಸಿಗಿಂತ ಬೇಗ ಓಡಿತು. ಕೆರೆಯ ಕೆಳಗಿನ ಹಳ್ಳಿಯವರು ಮಕ್ಕಳು, ಮಡಕೆ, ಕೋಳಿ ಎಲ್ಲ ಹೊತ್ತುಕೊಂಡು ದಿಣ್ಣೆ ಹತ್ತಿ ಕೂತರು. ಅಲ್ಲಿ ಕೂತ ಮೇಲೆ ಯಾರೋ ಪುಣ್ಯಾತ್ಮನಿಗೆ ನೆನಪಾಯಿತಂತೆ, ಕೆರೆಯಲ್ಲಿ ಯುಗಾದಿಯಿಂದ ಒಂದು ಹನಿ ನೀರಿಲ್ಲ!

ಸಂಜೆ ಸಾಹೇಬರು ಭಾವನನ್ನು ಕರೆಸಿದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. "ಭಾಯ್, ನಿಮ್ಮಂಥ ಷರೀಫ್ ಡ್ರೈವರ್ ಈ ತಾಲ್ಲೂಕಲ್ಲೇ ಇಲ್ಲ. ಅದಕ್ಕೇ ನೀವು ಈ ತಾಲ್ಲೂಕಿಗೆ ಬ್ಯಾಡ" ಎಂದರು.

ಮಾರನೆಯ ಬೆಳಿಗ್ಗೆ ಭಾವ ನನ್ನ ಮುಂದೆ ಕಾಗದ, ಮಸಿಕುಡಿಕೆ ತಂದಿಟ್ಟು, "ಕಂಪನಿಗೆ ಉತ್ತರ ಬರಿ" ಎಂದರು. ಒಳಗೆ ಅಕ್ಕ ರಾಗಿ ಕೇರುತ್ತಿದ್ದ ಮೊರದ ಸದ್ದು ನಿಂತಿತು. ನನಗೆ ಬಹಳ ಸಂಕಟವಾಯಿತು. ಅವರಿಗೆ ಕಲಿಸಿ ಇಲ್ಲೇ ನಿಲ್ಲಿಸಿಕೊಳ್ಳುತ್ತೇನೆಂದು ಒಪ್ಪಿಕೊಂಡವನು ನಾನಲ್ಲವೇ?

"ಬರಿ. ದೊರೆಗಳಿಗೆ ನಮಸ್ಕಾರ. ನಾನು ನಿಮ್ಮ ರಸ್ತೆ ನಿಯಮ ಎಲ್ಲಾ ಮರ್ತುಬುಟ್ಟಿವ್ನಿ."

ನಾನು ತಲೆಯೆತ್ತಿ ನೋಡಿದೆ.

"ಎಡಗಡೇಲೇ ಓಡುಸ್ತೀನಿ. ಯಾರಿಗೂ ದಾರಿ ಬುಡಲ್ಲ. ಹಾರನ್ ಮ್ಯಾಲಿಂದ ಕೈಯೇ ತೆಗೆಯಲ್ಲ. ನಾನು ಬಂದ್ರೆ ನಿಮ್ಮ ಜನದ ಪ್ರಾಣಕ್ಕೇ ಅಪಾಯ. ಬೇರೆಯೋರ್ನ ನೋಡ್ಕೊಳ್ಳಿ."

"ಭಾವ, ಇದ್ರಲ್ಲಿ ಒಂದೂ ನಿಜ ಇಲ್ವಲ್ಲ!"

"ಸುಮ್ಕೆ ಬರಿಯೋ."

ಎಮ್ಮೆಗೂ ಮೋಸ ಮಾಡದ ಮನುಷ್ಯ ಹೇಳಿದ ಸುಳ್ಳುಗಳನ್ನೆಲ್ಲ ನಾನು ಇಂಗ್ಲಿಷಿನಲ್ಲಿ ಬರೆದೆ. ಅವರ ನಡತೆಗೆ ಬೆಲೆ ಕೊಡುತ್ತಿದ್ದ ರಸ್ತೆ ಈ ಲೋಕದಲ್ಲಿ ಬಸ್ರಾದ ಅದೊಂದೇ ಇತ್ತು. ಕೈಯಲ್ಲಿ ಕೆಲಸವೂ ಇಲ್ಲದ ದಿನ, ಅದನ್ನು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದರು. ಇಷ್ಟು ದಿನ ಇವರನ್ನು ಆಡಿಕೊಂಡು ನಕ್ಕೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಅಕ್ಕ ಬಾಗಿಲಿಗೆ ಬಂದು, "ಏನಂತ ಬರ್ಸಿದ್ರು?" ಎಂದು ನನ್ನನ್ನು ಕೇಳಿದಳು. ಓದಿ ಹೇಳಿದೆ. ಹಾರನ್ನಿನ ಮಾತು ಬಂದಾಗ ಅವಳಿಗೆ ನಗು ಬಂತು. ನಗುನಗುತ್ತಲೇ ಹೊಸ್ತಿಲ ಮೇಲೆ ಕುಸಿದು ಕೂತು, ಆರು ವರ್ಷದಲ್ಲಿ ಒಮ್ಮೆಯೂ ನಮ್ಮೆದುರು ಅಳದಿದ್ದವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಭಾವ ಹೋಗಿ ಅವಳ ಪಕ್ಕದಲ್ಲಿ ಕೂತರು.

"ಓಗಲ್ಲ ಬುಡು" ಎಂದರು. "ನಿನ್ನ ಬುಟ್ಟು ಇನ್ನೆಲ್ಲೂ ಓಗಲ್ಲ."