ಪಾದದ ಅಳತೆಗಳನ್ನು ನುಂಗಿದ ಡಿಸ್ಕಿಗೊಂದು ಶಹಬ್ಬಾಸ್

ಭದ್ರ ಡಿಸ್ಕ್ ತಯಾರಿಸುವ ಕಂಪನಿಯ ಮಾನ್ಯ ಯಜಮಾನರೇ,

ತಮಗೂ, ತಮ್ಮ ಮನೆಮಂದಿಗೂ, ಫೋನೆತ್ತಿ ಬರೀ ಸಂಗೀತ ಕೇಳಿಸುವ ತಮ್ಮ ಗ್ರಾಹಕ ಸೇವೆಯ ಆ ತಾಯಿಗೂ ಈ ಮುದುಕನ ನಮಸ್ಕಾರಗಳು. ನಾನು ಸೊಟ್ಟ ಕಾಲು, ಗಿಡ್ಡ ಕಾಲಿನವರಿಗೆ ಬೂಟು ಹೊಲಿಯುವವನು, ಐದನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಸಿಟ್ಟಿದ್ದರೆ ತಲೆಗೆ ಹಾಕಿಕೊಳ್ಳಿ.

ನಮ್ಮ ಕೆಲಸ ಟೇಪು ಹಿಡಿದರೆ ಮುಗಿಯುವಂಥದ್ದಲ್ಲ. ಕಾಲಿಗೆ ತಕ್ಕ ಮರದ ಅಚ್ಚು ಕೆತ್ತಿ, ಅದರ ಮೇಲೆ ಬೂಟು ಹೊಲಿಯಬೇಕು. ಹಾಕಿಕೊಂಡವರು ನಾಲ್ಕು ದಿನ ನಡೆದು ಬಂದು ಬೈಯಬೇಕು. ಬೈದ ಕಡೆ ಅಚ್ಚು ಹೆರೆಯಬೇಕು. ಎಡಗಾಲು ಎರಡು ಬೆರಳಷ್ಟು ಗಿಡ್ಡವಿರುವ ಬಸ್ ಕಂಡಕ್ಟರಮ್ಮ ಹೀಗೆ ವರ್ಷಗಟ್ಟಲೆ ಕಾಲಲ್ಲಿ ಬೊಬ್ಬೆ ಎಬ್ಬಿಸಿಕೊಂಡು, ನನ್ನ ವಂಶವನ್ನೆಲ್ಲ ಜಾಲಾಡಿದ ಮೇಲೆ ಅವಳ ಅಚ್ಚು ಸರಿಹೋಗಿತ್ತು.

ಅಂಥ ಅಚ್ಚುಗಳನ್ನೆಲ್ಲ ನನ್ನ ಮಗಳು ಸ್ಕ್ಯಾನ್ ಮಾಡಿಟ್ಟಳು. ಪಕ್ಕದಂಗಡಿಯ ಕಂಪ್ಯೂಟರನ್ನು ಕಳ್ಳ ಹೊತ್ತೊಯ್ದಾಗ, ಜನರ ಕಾಲಿನ ಊನ ಕಂಡವರ ಕೈಗೆ ಸಿಗಬಾರದೆಂದು ಬೀಗದ ಮಾತು ಬಂತು. "ಕಂಪ್ಯೂಟರಿಂದಲೇ ಇಡೀ ಡಿಸ್ಕಿಗೆ ಬೀಗ ಹಾಕೋಣ, ಇನ್ನೊಂದು ಕೀಲಿ ನಮ್ಮ ಹತ್ರ ಇರುತ್ತೆ, ಡಿಸ್ಕಿನ ಡಬ್ಬಿ ಕೆಟ್ಟರೂ ಬೇರೆ ಕಡೆ ತೆಗೀಬಹುದು" ಅಂತ ಮಗಳು. ತಮ್ಮ ಜಾಹೀರಾತು ಓದಿದ್ದ ಅಳಿಯ, "ಅದು ನಿಧಾನ ಕಣೇ. ಈ ಭದ್ರ ಡಿಸ್ಕಲ್ಲಿ ಬೀಗ ಒಳಗಿನ ಚಿಪ್ಪಲ್ಲೇ ಇದೆ, ಕೀಲಿ ಆಚೆಗೇ ಬರಲ್ಲ" ಅಂದ. "ಚಿಪ್ಪೇ ಸತ್ತರೆ?" ಅಂದಳು. "ಅಪಶಕುನ ನುಡೀಬೇಡ" ಅಂದು ಗೆದ್ದುಬಿಟ್ಟ. ಅಳತೆಗಳೆಲ್ಲ ಕಂಪ್ಯೂಟರಿನಿಂದ ಅಳಿಸಿ ತಮ್ಮ ಡಿಸ್ಕಿಗೆ ಸೇರಿದವು. ಗೆದ್ದ ಹುರುಪಿನಲ್ಲಿ, ನಾನು ಊಟಕ್ಕೆ ಹೋದ ಹೊತ್ತು ನೋಡಿ, ಜಾಗ ಖಾಲಿಯಾಗಲೆಂದು ಮರದ ಅಚ್ಚುಗಳನ್ನೆಲ್ಲ ಬೇಕರಿಯ ಒಲೆಗೆ ಕೊಟ್ಟ. ಬ್ರೆಡ್ಡು ಚೆನ್ನಾಗಿ ಬೆಂದಿತಂತೆ.

ಕಳೆದ ವಾರ ಚಿಪ್ಪು ಸತ್ತಿತು. ರಿಪೇರಿಯವನು, "ಅಳತೆಗಳೆಲ್ಲ ಒಳಗೆ ಹಾಗೇ ಇವೆ ಯಜಮಾನ್ರೇ, ಓದೋಕಷ್ಟೇ ಆಗಲ್ಲ" ಅಂದ. ತಮ್ಮ ಕಚೇರಿಯಂತೂ, ಮಾಹಿತಿ ಸಂಪೂರ್ಣ ಸುರಕ್ಷಿತವೆಂದು ಅಭಿನಂದನೆಯನ್ನೇ ಕಳುಹಿಸಿತು! ಕಳ್ಳನಿಗೂ ಒಡೆಯನಿಗೂ ಭೇದವೆಣಿಸದ ಇಂಥ ಸಮದೃಷ್ಟಿಯನ್ನು ನಾನು ಸನ್ಯಾಸಿಗಳಲ್ಲೂ ಕಂಡಿಲ್ಲ.

ಈಗ ಕಂಡಕ್ಟರಮ್ಮನ ಬೂಟು ಬಾಯಿ ಬಿಟ್ಟಿದೆ. ಬಟ್ಟೆ ತುರುಕಿಕೊಂಡು ಬಸ್ಸಿನಲ್ಲಿ ನಿಲ್ಲುತ್ತಿದ್ದಾಳೆ. ನಿಲ್ಲಲಾಗದಿದ್ದರೆ ಕೆಲಸ ಬಿಡು ಅಂದಿದ್ದಾನೆ ಅವಳ ಮೇಲಧಿಕಾರಿ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಇಂಜಿನಿಯರುಗಳನ್ನು ಕಳುಹಿಸಿ, ಆ ಬಸ್ಸಿನ ನೆಲವನ್ನೂ ಅವಳು ಮನೆಗೆ ಹೋಗುವ ದಾರಿಯನ್ನೂ ಎಡಗಡೆ ಎರಡು ಬೆರಳು ಎತ್ತರಿಸಿಕೊಡಬೇಕು. ಆಗದಿದ್ದರೆ, ಹೊಸ ಬೊಬ್ಬೆಗಳನ್ನು ಅವಳ ಪರವಾಗಿ ತಮ್ಮ ನಿರ್ದೇಶಕರಲ್ಲಿ ಒಬ್ಬರಾದರೂ ಎಬ್ಬಿಸಿಕೊಳ್ಳಬೇಕು.

ನಿನ್ನೆ ಬಂದವಳು ಬೂಟನ್ನು ಮೇಜಿನ ಮೇಲಿಟ್ಟು, "ಮತ್ತೆ ಮೊದಲಿಂದಾನಾ ಅಜ್ಜ?" ಅಂದಳು. ಬೈಯಲಿಲ್ಲ. ಬೈದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಕಾಲು ಮುಂದೆ ಚಾಚಿದಳು. ನಾನು ಹೊಸ ಮರದ ತುಂಡು ಹುಡುಕಿದೆ.

ಉಳಿ ಬದಿಗಿಟ್ಟು ಪೆನ್ನು ಹಿಡಿದಿರುವ,
ತಮ್ಮ ವಿಶ್ವಾಸಿ,
ಬೂಟು ಹೊಲಿಯುವ ಮುದುಕ

ತಾ.ಕ.: ತಮ್ಮ ಪಾದದ ಅಳತೆ ದಯವಿಟ್ಟು ಕಳುಹಿಸಿ. ತಮ್ಮ ಕಂಪನಿಯ ನೀತಿಗೊಪ್ಪುವ ಒಂದು ಜೊತೆ ಬೂಟು ಪುಕ್ಕಟೆ ಹೊಲಿದುಕೊಡುತ್ತೇನೆ: ಒಮ್ಮೆ ಕಾಲು ತೂರಿಸಿದಿರೋ, ಕಳ್ಳನಿಂದಷ್ಟೇ ಅಲ್ಲ, ತಮ್ಮಿಂದಲೂ ಅವನ್ನು ಬಿಚ್ಚಲಾಗದು.